ಕೆರೆ ದಂಡೆಯ ಒಲೆ

ಮೂರು ಸೇರು ನುಚ್ಚಿನಲ್ಲಿ ಇಪ್ಪತ್ಮೂರು ಜನರ ಹೊಟ್ಟೆ ತುಂಬಿಸಿದವರನ್ನು ನಾನು ಈ ಜನ್ಮದಲ್ಲಿ ಒಬ್ಬರನ್ನೇ ಕಂಡಿದ್ದೇನೆ. ಆಕೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೂ ನಮ್ಮ ಬಳಗದ ಅರ್ಧ ಜನಕ್ಕೆ ಅದು ಯಾರದೆಂದು ಗೊತ್ತಾಗಲಿಕ್ಕಿಲ್ಲ. ಎಲ್ಲರಿಗೂ ಆಕೆ ದೊಡ್ಡವ್ವ. ಗಾಂಧಿನಗರದ ನಮ್ಮ ಓಣಿಗೆ ಹಾಲು ತರುವವನಿಗೂ ದೊಡ್ಡವ್ವ, ವಯಸ್ಸಿನಲ್ಲಿ ಆಕೆಗಿಂತ ಹಿರಿಯಳಾದ ಪಕ್ಕದ ಮನೆಯ ಅಜ್ಜಿಗೂ ದೊಡ್ಡವ್ವ. ಹೋದ ಭಾದ್ರಪದದಲ್ಲಿ ತೀರಿಕೊಂಡಳು. ಅಂದಿನಿಂದ ಬರೆಯಬೇಕೆಂದು ಕೂಡುತ್ತೇನೆ, ಏಳುತ್ತೇನೆ. ಆಕೆಯ ಬಗ್ಗೆ ಬರೆಯಲು ಹೊರಟರೆ ನನ್ನ ತಪ್ಪೊಂದನ್ನೂ ಬರೆಯಬೇಕಾಗುತ್ತದೆ. ಅದಕ್ಕೇ ಇಷ್ಟು ದಿನ ಹಿಡಿಯಿತು.

ದೊಡ್ಡವ್ವ ನಮ್ಮಪ್ಪನ ಅಣ್ಣನ ಹೆಂಡತಿ. ಮದುವೆಯಾದ ಆರನೇ ವರ್ಷಕ್ಕೆ ದೊಡ್ಡಪ್ಪ ಹೋಗಿಬಿಟ್ಟ. ಮಕ್ಕಳಿರಲಿಲ್ಲ. ಉಳಿದ ಮೂವರು ತಮ್ಮಂದಿರು ಕೂತು ಮಾತಾಡಿ ಆಕೆಗೊಂದು ಪಾಳಿ ಗೊತ್ತು ಮಾಡಿದರು. ದಸರೆಯಿಂದ ಶಿವರಾತ್ರಿಯವರೆಗೆ ಬಳ್ಳಾರಿಯ ನಮ್ಮ ಮನೆ, ಅಲ್ಲಿಂದ ಕಾರಹುಣ್ಣಿಮೆವರೆಗೆ ಕುರುಗೋಡಿನ ಚಿಕ್ಕಪ್ಪನ ಮನೆ, ಮತ್ತೆ ದಸರೆ ಬರುವತನಕ ಸಿರುಗುಪ್ಪದ ಚಿಕ್ಕಪ್ಪನ ಮನೆ. ಯಾರೂ ಆಕೆಗೆ ಒಂದು ಬಿರುಸು ಮಾತು ಆಡಲಿಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಯಾವ ಮನೆಗೆ ಬಂದರೂ ಆಕೆಗೊಂದು ಹಾಸಿಗೆ ಇತ್ತು, ತಟ್ಟೆ ಇತ್ತು, ಮರ್ಯಾದೆ ಇತ್ತು. ಆಕೆಯ ಆಸ್ತಿ ಎಂದರೆ ಒಂದು ತಗಡಿನ ಟ್ರಂಕು. ಅದರೊಳಗೆ ನಾಲ್ಕು ಸೀರೆ, ಎಲೆ ಅಡಿಕೆಯ ಚಂಚಿ, ಮತ್ತೆ ಹಳೇ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಹಿತ್ತಾಳೆಯ ಸೌಟು. ದೊಡ್ಡಪ್ಪನ ಜೊತೆ ಸಂಸಾರ ಹೂಡಿದಾಗಿನ ಸೌಟಂತೆ. ಅದು ಮೂರು ಊರು ತಿರುಗುತ್ತಿತ್ತು, ಆದರೆ ಯಾವ ಮನೆಯಲ್ಲೂ ಟ್ರಂಕಿನಿಂದ ಹೊರಗೆ ಬರುತ್ತಿರಲಿಲ್ಲ.

ನಮ್ಮ ಮನೆಗೆ ಬಂದಾಗ ದೊಡ್ಡವ್ವ ಅಡುಗೆಮನೆಯ ಹೊಸ್ತಿಲ ಹೊರಗೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. “ಏನರ ಹೆಚ್ಚಿ ಕೊಡ್ಲೇನವ್ವ?” ಎಂದು ಅವ್ವನನ್ನು ಕೇಳುತ್ತಿದ್ದಳು. ಬದನೆಕಾಯಿ ಹೆಚ್ಚಿಕೊಡುವಳು, ಬೆಳ್ಳುಳ್ಳಿ ಸುಲಿಯುವಳು, ಅಕ್ಕಿ ಆರಿಸುವಳು. ಒಲೆಯ ಹತ್ತಿರ ಮಾತ್ರ ಹೋಗುತ್ತಿರಲಿಲ್ಲ. ಹಾಲು ಉಕ್ಕುತ್ತಿದ್ದರೆ, “ಹಾಲು ಉಕ್ಕಾಕತ್ತೈತಿ ನೋಡವ್ವ” ಎಂದು ಕೂತಲ್ಲಿಂದಲೇ ಕೂಗುವಳೇ ಹೊರತು ಎದ್ದು ಹೋಗಿ ಗ್ಯಾಸು ಆರಿಸುತ್ತಿರಲಿಲ್ಲ. ಎಷ್ಟೋ ಸಲ ಹಾಲು ಚೆಲ್ಲಿದ್ದೂ ಉಂಟು. ದೊಡ್ಡವ್ವ ಸ್ವಲ್ಪ ಮೈಗಳ್ಳಿ ಎಂದು ನಾನು ಚಿಕ್ಕಂದಿನಲ್ಲಿ ತಿಳಿದಿದ್ದೆ. ನಾಚಿಕೆಯಾದರೂ ಹೇಳುತ್ತೇನೆ, ದೊಡ್ಡವಳಾದ ಮೇಲೂ ಹಾಗೇ ತಿಳಿದಿದ್ದೆ.

ಆದರೆ ವರ್ಷದಲ್ಲಿ ನಾಲ್ಕು ದಿನ ಆಕೆ ಬೇರೆಯೇ ಹೆಂಗಸು.

ಕುರುಗೋಡಿನ ಚಿಕ್ಕಪ್ಪನ ಹೊಲ ಒಂದು ಕೆರೆಯ ದಂಡೆಗೆ ಹತ್ತಿದೆ. ಅಲ್ಲಿ ಎರಡು ಕೋಣೆ, ಮುಂದೆ ತಗಡಿನ ಚಪ್ಪರ, ಸುತ್ತ ಬೇವಿನ ಗಿಡ. ದಸರಾ ರಜೆಯಲ್ಲಿ ಕೆರೆ ತುಂಬಿರುತ್ತದೆ. ಬನ್ನಿ ಕೊಟ್ಟು ಹಿರಿಯರ ಕಾಲು ಮುಟ್ಟಿದ ಮರುದಿನ ಮೂರು ಮನೆಯವರೂ, ಇಬ್ಬರು ಅತ್ತೆಯರ ಸಂಸಾರಗಳೂ ಅಲ್ಲಿಗೆ ಹೋಗಿ ನಾಲ್ಕು ದಿನ ಇರುತ್ತಿದ್ದೆವು. ಊಟಿ, ಮೈಸೂರು ನೋಡುವ ಶಕ್ತಿ ನಮಗಿರಲಿಲ್ಲ. ಅಪ್ಪ ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವನು. ಸಿರುಗುಪ್ಪದ ಚಿಕ್ಕಪ್ಪ ಅಕ್ಕಿ ಗಿರಣಿಯಲ್ಲಿ ಮೂಟೆ ತೂಗುವವನು. ಇಪ್ಪತ್ಮೂರು ಜನ ನಾಲ್ಕು ದಿನ ಕೂತು ಉಣ್ಣುವುದೆಂದರೆ ಹುಡುಗಾಟವಲ್ಲ. ಅದಕ್ಕೆ ದೊಡ್ಡವ್ವ ಒಂದು ಕಟ್ಟಳೆ ಮಾಡಿದ್ದಳು. ಯಾವ ಮನೆಯವರೂ ಕೊಂಡು ತರಬಾರದು, ತಮ್ಮಲ್ಲಿ ಅಗ್ಗವಾಗಿ ಸಿಗುವುದನ್ನಷ್ಟೇ ತರಬೇಕು. ಸಿರುಗುಪ್ಪದಿಂದ ಗಿರಣಿಯ ನುಚ್ಚಕ್ಕಿ, ಬಳ್ಳಾರಿಯಿಂದ ಮಂಡಕ್ಕಿಯ ಚೀಲ ಮತ್ತು ಅದಕ್ಕೆ ಬೆರೆಸುವ ಪುಟಾಣಿ ಕಡಲೆ, ಕುರುಗೋಡಿನಿಂದ ಜೋಳದ ಕಟಕ ರೊಟ್ಟಿ, ಶೇಂಗಾ, ಹೊಲದ ಬದುವಿನ ಪುಂಡಿ ಸೊಪ್ಪು. ಬೇಳೆ ಅತ್ತೆಯರದು.

ಅಲ್ಲಿಗೆ ಹೋದ ಕೂಡಲೇ ದೊಡ್ಡವ್ವ ಸೆರಗು ಸೊಂಟಕ್ಕೆ ಸಿಗಿಸಿ ಮೂರು ಕಲ್ಲು ಹೂಡುತ್ತಿದ್ದಳು. ಕಲ್ಲುಗಳು ಅವವೇ. ಮೊದಲ ವರ್ಷ ಕೆರೆ ಏರಿಯಿಂದ ತಾನೇ ಆರಿಸಿ ಹೊತ್ತು ತಂದು, ಹಸಿ ಕಲ್ಲಿಗೆ ಬೆಂಕಿ ಹಾಕಿದರೆ ಸಿಡಿಯುತ್ತದೆಂದು ಒಂದು ದಿನ ಬಿಸಿಲಿಗೆ ಒಣಗಿಸಿದ್ದಳಂತೆ. ಹೊರಡುವಾಗ ಯಾರಾದರೂ ಅವನ್ನು ಪಕ್ಕಕ್ಕೆ ಎಸೆಯಲು ಹೋದರೆ, “ಇರ್ಲಿ ಬಿಡ್ರಿ, ಬರೋ ವರ್ಷ ಬೇಕಾಗ್ತಾವ” ಎನ್ನುತ್ತಿದ್ದಳು. ಪ್ರತಿವರ್ಷ ಕಲ್ಲು ತೊಳೆದು ವಿಭೂತಿ ಹಚ್ಚಿ, ಸೌಟು ಬಿಚ್ಚಿ ಹಂಡೆಯ ಬಾಯಿಗೆ ಎರಡು ಸಲ ಟಣ್ ಟಣ್ ಎಂದು ಬಡಿದಳೆಂದರೆ ನಮ್ಮ ರಜೆ ಶುರು. ಹೊಸ್ತಿಲ ಹೊರಗೆ ಕೂತು ಕೇಳಿ ಕೇಳಿ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ಇವಳೇನಾ ಅನ್ನಿಸಬೇಕು, ಅಂಥ ದರ್ಬಾರು. “ಏ, ನೀ ನೀರು ತಾ. ನೀ ಉಳ್ಳಾಗಡ್ಡಿ ಹೆಚ್ಚು. ಚಿಕ್ಕಪ್ಪಗ ಹೇಳು, ಸೌದಿ ಹಸಿ ಅದಾವ, ಬ್ಯಾರೆ ತರಾಕ ಹೇಳು” ಎಂದು ಮೂರೂ ಮನೆಯ ಯಜಮಾನರನ್ನು ಓಡಾಡಿಸುತ್ತಿದ್ದಳು. ಮೂವರೂ ಮರುಮಾತಾಡದೆ ಓಡುತ್ತಿದ್ದರು.

ಬೆಳಿಗ್ಗೆ ಮಂಡಕ್ಕಿ ಒಗ್ಗರಣೆ. ಮಧ್ಯಾಹ್ನ ನುಚ್ಚಿನ ಅನ್ನ, ಪುಂಡಿ ಪಲ್ಲೆ, ಬೇಳೆ. ಸಂಜೆ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ. ಬೇಳೆ ಮೊದಲ ದಿನ ಗಟ್ಟಿ, ಎರಡನೇ ದಿನ ಸಾರು, ಮೂರನೇ ದಿನ ಹುಣಸೆಹುಳಿ ಹಿಂಡಿದ ಕಟ್ಟು. ನಾಲ್ಕನೇ ದಿನ ಕೆರೆಯ ನೀರಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ ಎಂದು ಅಪ್ಪ ಚಾಷ್ಟಿ ಮಾಡುತ್ತಿದ್ದ. ಹಾಗೆಂದು ಯಾರೂ ಅರೆಹೊಟ್ಟೆಯಲ್ಲಿ ಎದ್ದವರಿಲ್ಲ. ಅದರ ಗುಟ್ಟು ಆಕೆ ಬಡಿಸುವ ರೀತಿಯಲ್ಲಿತ್ತು. ಮೊದಲ ಸಲ ಎಲ್ಲರ ಎಲೆಗೂ ಒಂದೊಂದೇ ಸೌಟು. ಎರಡನೇ ಸಲ ಬೇಕೆಂದವರಿಗೆ ಒಂದು ಪ್ರಶ್ನೆ ಕಾದಿರುತ್ತಿತ್ತು.

“ಇವತ್ತು ಕೆರಿ ಏನು ತೋರಿಸ್ತು? ಹೇಳು, ಹಾಕ್ತೀನಿ.”

ನಾವು ಯೋಚಿಸಬೇಕು. ಮೀನು ನೆಗೆದದ್ದೋ, ಹಾವು ಈಜಿದ್ದೋ, ಎಮ್ಮೆಯ ಬೆನ್ನ ಮೇಲೆ ಕಾಗೆ ಕೂತು ಸವಾರಿ ಹೊರಟದ್ದೋ, ಏನಾದರೊಂದು ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಹೀಗೆ ಹೇಳುತ್ತ, ಕೇಳುತ್ತ, ನಗುತ್ತ ಕೂತಿರುವಾಗ ಒಂದು ಸೌಟಿನಲ್ಲೇ ಹೊಟ್ಟೆ ಅರ್ಧ ತುಂಬಿರುತ್ತಿತ್ತು. “ಅವಸರದಾಗ ಉಂಡರ ಹೊಟ್ಟಿಗೆ ಸುದ್ದಿ ಮುಟ್ಟಂಗಿಲ್ಲ” ಎನ್ನುತ್ತಿದ್ದಳು. ಬಡಿಸುವವರು ನಮ್ಮವರಾದರೆ ಪಂಕ್ತಿಯ ಕೊನೆಗೆ ಕೂತರೇನು ಎಂಬ ಗಾದೆ ಆಕೆಯ ಹತ್ತಿರ ನಡೆಯುತ್ತಿರಲಿಲ್ಲ. ನಾನೊಮ್ಮೆ ಮೊಸಳೆ ಕಂಡೆ ಎಂದು ರೈಲು ಬಿಟ್ಟೆ. ಆ ಕೆರೆಯಲ್ಲಿ ಮೊಸಳೆ ಎಲ್ಲಿಂದ ಬರಬೇಕು? ದೊಡ್ಡವ್ವ ಕಣ್ಣು ಪಿಳುಕಿಸದೆ, “ಇಷ್ಟು ದೊಡ್ಡ ಸುಳ್ಳು ಹೇಳಿದಾಕಿಗೆ ಭಾಳ ದಣಿವು ಆಗಿರತೈತಿ” ಎಂದು ಎರಡು ಸೌಟು ಹಾಕಿದಳು.

ದೊಡ್ಡವರಿಗೂ ರಿಯಾಯಿತಿ ಇರಲಿಲ್ಲ. ಕುರುಗೋಡಿನ ಚಿಕ್ಕಪ್ಪ ಮಾತು ಕಡಿಮೆ, ದಿನಾ ಆ ಕೆರೆಯನ್ನೇ ನೋಡುವವನು. ಅವನದು ಯಾವಾಗಲೂ ಒಂದೇ ಉತ್ತರ.

“ಬೆಳ್ಳಕ್ಕಿ, ಅತ್ತಿಗೆಮ್ಮ.”

“ಎಷ್ಟು?”

“ಎರಡು.”

ಅಷ್ಟಾದ ಮೇಲೆಯೇ ಅವನ ಎಲೆಗೆ ಅನ್ನ ಬೀಳುತ್ತಿತ್ತು. ಪ್ರತಿ ವರ್ಷ, ನಾಲ್ಕೂ ದಿನ, ಇದೇ ಮಾತು. ಉಳಿದವರೆಲ್ಲ ಅವನ ಸರದಿಗೆ ಕಾದುಕೊಂಡಿದ್ದು ನಗುತ್ತಿದ್ದೆವು.

ನನ್ನ ಮದುವೆಯಾದ ವರ್ಷದ ಸಂಗತಿಯೊಂದನ್ನು ಹೇಳಬೇಕು. ನಾನು ಒಬ್ಬಳೇ ಮಗಳಾದ್ದರಿಂದ ನನ್ನ ಗಂಡ ನಮ್ಮ ಮನೆಗೇ ಬಂದು ಇದ್ದವರು. ಕೆರೆಗೆ ಮೊದಲ ಸಲ ಬಂದಾಗ, ಹೊಸ ಅಳಿಯ ಕೈಕಟ್ಟಿ ಕೂತರೆ ಏನು ಚೆಂದ ಎಂದು ಉಮೇದಿಯಿಂದ ಎದ್ದು, ಇಡೀ ಚೀಲದ ಮಂಡಕ್ಕಿಯನ್ನು ನೀರಿನ ಬಾನಿಗೆ ಸುರಿದುಬಿಟ್ಟರು. ಒಗ್ಗರಣೆಯ ಮಂಡಕ್ಕಿಯನ್ನು ಬೇಕಾದಷ್ಟೇ ತೊಯಿಸಿ ತಕ್ಷಣ ಹಿಂಡಿ ತೆಗೆಯಬೇಕು. ಇದು ನಾಲ್ಕು ದಿನದ ಮಂಡಕ್ಕಿ. ಚೀಲದ ತುಂಬ ಇದ್ದದ್ದು ನೋಡನೋಡುತ್ತಲೇ ಬಾನಿಯ ತಳದಲ್ಲಿ ಅಂಬಲಿಯಾಯಿತು. ಇವರ ಮುಖ ಕಪ್ಪಿಟ್ಟಿತು. ಅತ್ತೆಯೊಬ್ಬಳು ಬಾಯಿ ತೆರೆಯುವಷ್ಟರಲ್ಲಿ ದೊಡ್ಡವ್ವ ಎಲ್ಲರಿಗೂ ಕೇಳುವಂತೆ ಹೇಳಿದಳು: “ನಾನ ಹೇಳಿದ್ದೆ ಅಳಿಯಂದ್ರಿಗೆ, ನೆನಸ್ರಿ ಅಂತ. ಈ ಸಲ ಮಂಡಕ್ಕಿ ರೊಟ್ಟಿ ಮಾಡಾಕ.” ಅಂಥ ರೊಟ್ಟಿ ಲೋಕದಲ್ಲಿ ಇರಲಿಲ್ಲ. ಆಮೇಲೆ ಜೋಳದ ಹಿಟ್ಟು, ಹಸಿಮೆಣಸಿನಕಾಯಿ, ಉಳ್ಳಾಗಡ್ಡಿ ಕಲಸಿ ಹಂಚಿನ ಮೇಲೆ ತಟ್ಟಿದಳು. ಎಲ್ಲರೂ ಬಾಯಿ ಚಪ್ಪರಿಸಿ ತಿಂದೆವು. ನನ್ನ ಗಂಡ ಇವತ್ತಿಗೂ ಅದನ್ನು ನೆನೆಸಿಕೊಂಡರೆ ಕಣ್ಣು ಒರೆಸಿಕೊಳ್ಳುತ್ತಾರೆ. “ನನ್ನ ಮಾನ ಕಾಯ್ದರು ಅವ್ರು” ಎನ್ನುತ್ತಾರೆ.

ಹಾಗೆ ಇನ್ನೊಬ್ಬರ ಮಾನ ಕಾಯ್ದವಳಿಗೆ ನಾನು ಮಾಡಿದ್ದೇನು ಎಂದು ಈಗ ಹೇಳುತ್ತೇನೆ.

ನನಗೆ ನೌಕರಿ ಸಿಕ್ಕು ಮೂರು ವರ್ಷವಾಗಿತ್ತು. ಕೈಯಲ್ಲಿ ನಾಲ್ಕು ಕಾಸು ಆಡುತ್ತಿತ್ತು, ತಲೆಯಲ್ಲಿ ಒಂದಿಷ್ಟು ಗಾಳಿಯೂ ಹೊಕ್ಕಿತ್ತು. ದೊಡ್ಡವ್ವನಿಗೆ ವಯಸ್ಸಾಯಿತು, ಹೊಗೆಯಲ್ಲಿ ಕೆಮ್ಮುತ್ತಾಳೆ, ಒಂದು ವರ್ಷವಾದರೂ ಆರಾಮಾಗಿ ಕೂತು ಉಣ್ಣಲಿ ಎಂದುಕೊಂಡೆ. ಯಾರಿಗೂ ಹೇಳದೆ ಬಳ್ಳಾರಿಯ ಅಡುಗೆಯವರನ್ನು ಗೊತ್ತು ಮಾಡಿದೆ. ನಾವು ಕೆರೆಗೆ ಹೋಗಿ ಇಳಿದ ಒಂದು ತಾಸಿಗೆ ಅವರ ಟೆಂಪೋ ಬಂತು. ಸ್ಟೀಲಿನ ದೊಡ್ಡ ಪಾತ್ರೆ, ಗ್ಯಾಸಿನ ಸಿಲಿಂಡರು, ಗೋಬಿ ಮಂಚೂರಿ, ಜೀರಾ ರೈಸು, ಜಾಮೂನು. ಮಕ್ಕಳು ಕುಣಿದರು. ದೊಡ್ಡವ್ವ ಆಗಲೇ ಕಲ್ಲು ಹೂಡಿ, ತೊಳೆದು, ವಿಭೂತಿ ಹಚ್ಚಿ, ಕೈಯಲ್ಲಿ ಸೌಟು ಹಿಡಿದು ನಿಂತಿದ್ದಳು.

“ದೊಡ್ಡವ್ವ, ಈ ಸಲ ನೀ ಒಲಿ ಮುಂದ ಕುಂದ್ರಬ್ಯಾಡ. ಇಲ್ಲಿ ಕುರ್ಚಿ ಮ್ಯಾಲ ಕುಂದ್ರು. ನಿನಗ ಮೊದಲು ಬಡಿಸ್ತಾರ” ಎಂದೆ. ದೊಡ್ಡ ಉಡುಗೊರೆ ಕೊಟ್ಟವಳ ಹಾಗೆ ನಗುತ್ತಿದ್ದೆ.

ಆಕೆ ಟೆಂಪೋ ನೋಡಿದಳು, ನನ್ನ ಮುಖ ನೋಡಿದಳು. “ಹೌದೇನವ್ವ? ಚಲೋ ಆತು ಬಿಡು” ಎಂದು ಕುರ್ಚಿಯ ಮೇಲೆ ಕೂತಳು. ಸೌಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಅಡುಗೆಯವರು ಆಕೆಗೆ ಮೊದಲು ಬಡಿಸಿದರು. ಸ್ವಲ್ಪ ಉಂಡು, “ರುಚಿ ಐತಿ” ಎಂದಳು. ಯಾರೂ ಎಲೆಯ ಮುಂದೆ ಕೂಡಲಿಲ್ಲ, ತಟ್ಟೆ ಹಿಡಿದು ಅಲ್ಲಲ್ಲಿ ನಿಂತು ಉಂಡರು. ಕೆರೆ ಏನು ತೋರಿಸಿತೆಂದು ಕೇಳುವವರಿರಲಿಲ್ಲ. ಕುರುಗೋಡಿನ ಚಿಕ್ಕಪ್ಪ ಎರಡನೇ ಸಲ ಹಾಕಿಸಿಕೊಳ್ಳಲೇ ಇಲ್ಲ.

ಸಂಜೆ ನಾನು ಚಪ್ಪರದ ಕೆಳಗೆ ನಿಂತು ನೋಡಿದೆ. ದೊಡ್ಡವ್ವ ಆ ಮೂರು ಕಲ್ಲುಗಳನ್ನು ಒಂದೊಂದಾಗಿ ಉರುಳಿಸಿಕೊಂಡು ನೀರಿನ ಅಂಚಿಗೆ ಹೋದಳು. ಅತ್ತಿಮರದ ಬೇರು ನೀರಿಗೆ ಇಳಿದಿರುವ ಕಡೆ ಒಂದನ್ನು ದಬ್ಬಿದಳು, ಆಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಜಾಗ ಚೊಕ್ಕ ಮಾಡುತ್ತಿದ್ದಾಳೆ ಎಂದುಕೊಂಡೆ. ಕೂಗಿ, “ಬಿಡು ದೊಡ್ಡವ್ವ, ಅಡಗಿಯವರ ತಗೀತಾರ” ಎಂದೂ ಹೇಳಿದೆ.

ಮುಂದಿನ ದಸರೆಗೆ ದೊಡ್ಡವ್ವ, “ಮೊಣಕಾಲು ನೋವು, ನೀವು ಹೋಗಿಬರ್ರಿ” ಎಂದಳು. ನಾವು ಹೋದೆವು, ಎರಡೇ ದಿನಕ್ಕೆ ವಾಪಸಾದೆವು. ಪ್ರತಿ ಸಲ ಅಡುಗೆಯವರನ್ನು ಕರೆಸುವುದು ಯಾರ ಕೈಲೂ ಆಗುವಂತಿರಲಿಲ್ಲ, ಒಲೆ ಹಚ್ಚುತ್ತೇನೆಂದು ಮುಂದೆ ಬರುವವರೂ ಇರಲಿಲ್ಲ. ಅದರ ಮುಂದಿನ ವರ್ಷ ಒಬ್ಬರಿಗೆ ಕೊಯಿಲು, ಇನ್ನೊಬ್ಬರಿಗೆ ಮಕ್ಕಳ ಟ್ಯೂಷನ್ನು. ಹಾಗೇ ನಿಂತುಹೋಯಿತು. ಏಳು ವರ್ಷ ನಾವು ಇಪ್ಪತ್ಮೂರು ಜನ ಒಂದು ಕಡೆ ಕೂತು ಉಂಡದ್ದಿಲ್ಲ. ಮದುವೆಮನೆಗಳಲ್ಲಿ ಎದುರಾದರೆ, “ಮತ್ತ ಕೆರಿಗೆ ಹೋಗಬೇಕ್ರಿ ಒಮ್ಮಿ” ಎಂದು ಎಲ್ಲರೂ ಅನ್ನುತ್ತಿದ್ದೆವು. ಅಂದುಕೊಂಡೇ ಬಸ್ಸು ಹತ್ತುತ್ತಿದ್ದೆವು.

ನಡುವೆ ಅವ್ವ ತೀರಿಕೊಂಡಳು. ಗಾಂಧಿನಗರದ ಅಡುಗೆಮನೆ ನನ್ನದಾಯಿತು. ದೊಡ್ಡವ್ವ ಪಾಳಿಯಂತೆ ಬರುತ್ತಿದ್ದಳು, ಅದೇ ಹೊಸ್ತಿಲ ಹೊರಗೆ ಕೂತು, “ಏನರ ಹೆಚ್ಚಿ ಕೊಡ್ಲೇನವ್ವ?” ಎಂದು ಈಗ ನನ್ನನ್ನು ಕೇಳುತ್ತಿದ್ದಳು.

ಆಕೆ ಹೋಗುವ ಮುಂಚಿನ ಚಳಿಗಾಲದಲ್ಲಿ ನನಗೆ ಜ್ವರ ಬಂತು. ಗಂಡ ಊರಲ್ಲಿರಲಿಲ್ಲ. ಅಪ್ಪನಿಗೆ ಚಹಾ ಕಾಸುವುದೂ ಬಾರದು. ಮಲಗಿದಲ್ಲಿಂದಲೇ, “ದೊಡ್ಡವ್ವ, ಒಂದೀಟು ಗಂಜಿ ಕಾಸಿಕೊಡ್ತೀ ಏನು?” ಎಂದು ಕೇಳಿದೆ. ತಲೆ ಎತ್ತಿ ನೋಡಿದರೆ ಹೊಸ್ತಿಲಲ್ಲಿ ನಿಂತಿದ್ದಾಳೆ.

“ನಿನ್ನ ಒಲಿ ಮುಟ್ಟಲೇನವ್ವ?” ಎಂದಳು.

ನನಗೆ ನಗು ಬಂತು. “ಇಷ್ಟು ವರ್ಷ ಇಲ್ಲೇ ಅದೀ, ಇದು ನಿಂದಲ್ಲೇನು?”

“ಅಲ್ಲವ್ವ. ಇದು ನಿಮ್ಮವ್ವಂದು ಇತ್ತು, ಈಗ ನಿಂದು. ಸಿರುಗುಪ್ಪದ್ದು ಆಕಿದು, ಕುರುಗೋಡಿಂದು ಈಕಿದು. ಇನ್ನೊಬ್ಬರ ಒಲಿ ಕೇಳದ ಮುಟ್ಟಬಾರದು. ಅದಕ್ಕ ಅವರು ನನ್ನ ಇಷ್ಟು ವರ್ಷ ಇಟ್ಕೊಂಡಾರ.” ಒಳಗೆ ಹೋಗಿ ಗಂಜಿಗೆ ನೀರಿಡುತ್ತ, ಯಾವುದೋ ಹಳೆಯ ಸಂಗತಿ ಹೇಳುವವಳಂತೆ ಹೇಳಿದಳು: “ನಂದೂ ಒಂದಿತ್ತು. ಕೆರಿ ದಂಡ್ಯಾಗ. ವರ್ಷಕ್ಕ ನಾಕು ದಿನ.”

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ದೂರು ಇರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ನಾನು ಕುರ್ಚಿ ಕೊಟ್ಟೆ ಎಂದು ಬೀಗಿದ ದಿನ ಆಕೆಯ ಮನೆಯನ್ನೇ ಕಿತ್ತುಕೊಂಡಿದ್ದೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ, ಅಳು ಬಂತು. ಜ್ವರಕ್ಕೆ ಅಳುತ್ತಿದ್ದಾಳೆಂದು ಆಕೆ ಹಣೆ ಒತ್ತಿದಳು.

“ಬರೋ ದಸರಾಕ್ಕ ಕೆರಿಗೆ ಹೋಗೋಣ ದೊಡ್ಡವ್ವ. ನೀನ ಅಡಗಿ ಮಾಡಬೇಕು” ಎಂದಷ್ಟೇ ಹೇಳಿದೆ.

“ಕಲ್ಲು ಇಲ್ಲಲ್ಲವ್ವ.”

“ಹುಡುಕಿದರ ಸಿಗ್ತಾವ.”

“ಸಿಕ್ಕರ ಹೋಗೋಣ ತಗೋ” ಎಂದು ನಕ್ಕಳು. ಆಕೆಯ ಮುಂದಿನ ಹಲ್ಲುಗಳ ನಡುವೆ ಸಂದು ಇತ್ತು, ನಕ್ಕರೆ ಚಿಕ್ಕ ಹುಡುಗಿಯ ಹಾಗೆ ಕಾಣುತ್ತಿದ್ದಳು.

ಎಲ್ಲರಿಗೂ ಫೋನು ಮಾಡಿದೆ. ಎಲ್ಲರೂ ಬರುತ್ತೇವೆಂದರು. ಅದೇನು ಪುಣ್ಯವೋ, ಈ ಸಲ ಒಬ್ಬರೂ ಕೊಯಿಲಿನ ಮಾತು ಎತ್ತಲಿಲ್ಲ. ಆದರೆ ದಸರೆಗೆ ಇನ್ನೂ ತಿಂಗಳಿರುವಾಗ ದೊಡ್ಡವ್ವ ಸಿರುಗುಪ್ಪದಲ್ಲಿ, ಅಂಗಳದಲ್ಲಿ ಕೂತು ಸೊಪ್ಪು ಸೋಸುತ್ತಿದ್ದವಳು, ಹಾಗೇ ಒರಗಿದಳಂತೆ.

ನಮ್ಮವರಲ್ಲಿ ಒಂದು ರೂಢಿ ಇದೆ. ಒಂಬತ್ತನೆಯ ದಿನದ ಎಡೆಯನ್ನು ತೀರಿಕೊಂಡವರದೇ ಒಲೆಯ ಮೇಲೆ ಬೇಯಿಸಬೇಕು. ಹಿಂದಿನ ದಿನ ಕ್ರಿಯಾಕರ್ಮ ಮಾಡಿಸುವ ಅಯ್ಯನವರು ಬಂದು ಕೇಳಿದರು: “ಆಕಿ ಒಲಿ ಯಾವ ಮನ್ಯಾಗ ಐತಿ?”

ಅಪ್ಪ ಚಿಕ್ಕಪ್ಪನ ಮುಖ ನೋಡಿದ. ಚಿಕ್ಕಪ್ಪ ತಮ್ಮನ ಮುಖ ನೋಡಿದ. “ನಮ್ಮನ್ಯಾಗ ಜೀವ ಹೋಗೇತಲ್ರಿ, ನಮ್ಮದ ಆತು” ಎಂದಳು ಸಿರುಗುಪ್ಪದ ಚಿಕ್ಕಮ್ಮ.

“ಜೀವ ಎಲ್ಲಿ ಹೋತು ಅಂತ ಕೇಳಲಿಲ್ಲವ್ವ. ಆಕಿ ಕೈಯಾರೆ ಹಚ್ಚಿದ ಒಲಿ ಯಾವುದು?”

ಮೂವರೂ ತಲೆ ತಗ್ಗಿಸಿದರು. ನಲವತ್ತು ವರ್ಷ ಪಾಳಿ ತಪ್ಪದೆ ನಡೆಸಿದವರು. ನಾನೇ ಹೇಳಿದೆ, ಕೆರಿ ದಂಡ್ಯಾಗ ಐತಿ ಎಂದು.

ಅಂದೇ ಬಳಗವೆಲ್ಲ ಟೆಂಪೋ ಮಾಡಿಕೊಂಡು ತೆಕ್ಕಲಕೋಟೆ ದಾಟಿ ಕೆರೆಗೆ ಬಂದೆವು. ಅತ್ತಿಮರದ ಬೇರಿನ ಹತ್ತಿರ ನಾನು ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದೆ. ಕೆಸರಿನಲ್ಲಿ ಕೈಯಾಡಿಸಿ ಒಂದು ಕಲ್ಲು ತೆಗೆದೆ, ಒಂದು ಮಗ್ಗುಲು ಇನ್ನೂ ಕಪ್ಪಗೇ ಇತ್ತು. ಇನ್ನೊಂದು ಸಿಕ್ಕಿತು. ಮೂರನೆಯದು ಸಿಗಲಿಲ್ಲ. ಚಿಕ್ಕಪ್ಪಂದಿರೂ ಇಳಿದರು, ನನ್ನ ಗಂಡ ಹೊತ್ತು ಮುಳುಗುವತನಕ ತಡಕಾಡಿದರು. ಸಿಗಲಿಲ್ಲ. ಸಿಕ್ಕ ಎರಡನ್ನು ರಾತ್ರಿ ಬೆಂಕಿ ಹಾಕಿ ಅದರ ಹತ್ತಿರ ಇಟ್ಟು, ಮರುದಿನ ಬಿಸಿಲಿಗೆ ಒಣಗಿಸಿ, ಏರಿಯಿಂದ ಒಂದು ಹೊಸ ಕಲ್ಲು ತಂದು ಹೂಡಿದೆವು. ಅದು ಗಿಡ್ಡವಾಯಿತು. ಕೆಳಗೆ ಮಣ್ಣಿನ ಹೆಂಟೆ ಇಟ್ಟರೂ ಹಂಡೆ ಒಂದು ಕಡೆಗೆ ವಾಲುತ್ತಿತ್ತು. ನುಚ್ಚು ಬೇಯುವತನಕ ನಾನು ಕೈಗೆ ಬಟ್ಟೆ ಸುತ್ತಿಕೊಂಡು ಹಂಡೆಯ ಕಿವಿ ಹಿಡಿದು ಕೂತಿದ್ದೆ. ಹೊಗೆ ಕಣ್ಣಿಗೆ ಹೊಕ್ಕಿತು, ಕೈ ಸುಟ್ಟಿತು, ಬಿಡಲಿಲ್ಲ.

ಎಡೆ ಹಿಡಿದೆವು. ಜ್ವರದ ದಿನ ಬಾಯಿಗೆ ಬಾರದಿದ್ದ ಮಾತನ್ನು ಆಗ ಎಲ್ಲರೆದುರು ಹೇಳಿದೆ. “ತಪ್ಪಾತು ದೊಡ್ಡವ್ವ.” ಹೇಳಿ ಏನು? ಕೇಳಬೇಕಾದವಳು ಇರಲಿಲ್ಲ.

ಆಮೇಲೆ ಟ್ರಂಕಿನಿಂದ ತೆಗೆದ ಸೌಟನ್ನು ಹಂಡೆಯ ಬಾಯಿಗೆ ಎರಡು ಸಲ ಬಡಿದೆ. ಏರಿಯ ಮೇಲಿದ್ದವರೆಲ್ಲ ಬಂದು ಎಲೆಯ ಮುಂದೆ ಕೂತರು. ಒಂದೊಂದು ಸೌಟು ಬಡಿಸಿದೆ. ಎರಡನೇ ಸುತ್ತಿಗೆ ಕುರುಗೋಡಿನ ಚಿಕ್ಕಪ್ಪನ ಮುಂದೆ ಬಗ್ಗಿದಾಗ ಅವನು ಎಲೆಗೆ ಕೈ ಅಡ್ಡ ಹಿಡಿದ. ಸಾಕೆನ್ನುತ್ತಾನೆ ಎಂದುಕೊಂಡೆ. ಅವನು ತಲೆ ಎತ್ತಲಿಲ್ಲ, ನನ್ನ ಕೈಯಲ್ಲಿದ್ದ ಸೌಟನ್ನೇ ನೋಡುತ್ತಿದ್ದ.

“ಬೆಳ್ಳಕ್ಕಿ, ಅತ್ತಿಗೆಮ್ಮ” ಎಂದ.

ಕೈ ಹಾಗೇ ಅಡ್ಡ ಹಿಡಿದುಕೊಂಡು ಕಾಯುತ್ತ ಕೂತ. ಎಷ್ಟು ಎಂದು ನಾನು ಕೇಳಬೇಕಾಗಿತ್ತು. ನನ್ನಿಂದ ಆಗಲಿಲ್ಲ.